ನೋಡಿದಲ್ಲಿಗೆ ಬರುವ ಕಪ್ಪು

ಮೂರನೆಯ ಸಾಲಿನಲ್ಲಿ ಐದು ಅಕ್ಷರಗಳಿದ್ದವು. ಜಿನೇಂದ್ರ ಯಾವುದನ್ನು ನೋಡಿದನೋ ಅದು ಇರಲಿಲ್ಲ.

ಪಕ್ಕದ ಅಕ್ಷರವನ್ನು ನೋಡಿದ. ಮಾಯವಾಗಿದ್ದದ್ದು ಮರಳಿ ಬಂತು, ಈಗ ನೋಡಿದ್ದು ಮಾಯವಾಯಿತು. ಎಡಗಣ್ಣನ್ನು ಮುಚ್ಚಲು ಕೊಟ್ಟಿದ್ದ ಕರಿ ತಗಡು ಬೆವರಿಗೆ ಜಾರುತ್ತಿತ್ತು. ಬೆನ್ನ ಹಿಂದೆ ಹುಕ್ಕೇರಿಯಲ್ಲಿ ಮದುವೆಗಳು ನಡೆಯುವ ಮಂಗಲ ಕಾರ್ಯಾಲಯದ ತುಂಬ ಜನ ಉಸಿರು ಹಿಡಿದು ಕೂತಿದ್ದರು.

"ಓದ್ರಿ ಸರ್," ಎಂದಳು ಕಣ್ಣು ಪರೀಕ್ಷಿಸಲು ಬಂದಿದ್ದ ದೀಪಾ.

ಓದಿದ. ಎರಡು ನಿಮಿಷದ ಹಿಂದೆ ಬಲಗಣ್ಣು ಮುಚ್ಚಿಕೊಂಡು ಇದೇ ಸಾಲನ್ನು ಸರಾಗವಾಗಿ ಓದಿದ್ದನಲ್ಲ, ನೆನಪಿತ್ತು. "ಗ, ಮ, ರ, ಟ, ಲ." ತರಗತಿಯಲ್ಲಿ ಚಲನೆಯ ನಿಯಮ ಹೇಳುವ ದನಿಯಲ್ಲೇ ಹೇಳಿದ. ಕಾರ್ಯಾಲಯ ಚಪ್ಪಾಳೆ ತಟ್ಟಿತು.

ದೀಪಾ ತಟ್ಟಲಿಲ್ಲ. ಅವನು ತನಗೆ ಹೊದಿಸಿದ್ದ ಶಾಲನ್ನು ಸರಿಮಾಡಿಕೊಳ್ಳುತ್ತಿದ್ದಾಗ ಅವಳು ಹಲಗೆಯನ್ನು ತಿರುಗಿಸಿ ಇಟ್ಟಿದ್ದಳು. ಆ ಮಗ್ಗುಲಿನ ಅಕ್ಷರಗಳೇ ಬೇರೆ. ಇದು ಇನ್ನಾರಿಗೂ ಗೊತ್ತಾಗುವ ಹಾಗಿರಲಿಲ್ಲ. ನೆರೆದವರಲ್ಲಿ ಮುಕ್ಕಾಲು ಮಂದಿ ಪೊರೆ ಬಂದವರು, ಅವರಿಗೆ ಹಲಗೆಯೇ ಕಾಣುತ್ತಿರಲಿಲ್ಲ. ಉಳಿದವರು ಉಪ್ಪಿಟ್ಟಿನ ಪಾತ್ರೆ ಎತ್ತ ಹೋಗುತ್ತಿದೆ ಎಂದು ನೋಡುತ್ತಿದ್ದರು.

ಅರಿವೆ ಅಂಗಡಿಯ ವೃಷಭ ಪ್ರತಿ ವರ್ಷ ತಂದೆಯ ಪುಣ್ಯತಿಥಿಗೆ ನಡೆಸುವ ಕಣ್ಣಿನ ಶಿಬಿರವಿದು. ದೀಪಕ್ಕೆ ಹುಳ ಬಿದ್ದು ಸಾಯುತ್ತವೆ ಎಂದು ಆ ಜೈನ ಮನೆಯವರು ಉದ್ಘಾಟನೆಗೆ ದೀಪ ಹಚ್ಚುವುದಿಲ್ಲ. ಬದಲಿಗೆ ಬಂದ ಅತಿಥಿಯೇ ಎಲ್ಲರೆದುರು ಮೊದಲು ಕಣ್ಣು ತೋರಿಸಿಕೊಳ್ಳಬೇಕು. ದೊಡ್ಡವರೇ ತೋರಿಸಿಕೊಂಡರೆ ಹಳ್ಳಿಯವರ ಹೆದರಿಕೆ ಹೋಗುತ್ತದೆ ಎಂಬುದು ತಂದೆಯ ಕಾಲದ ನಂಬಿಕೆ. ಹೋದ ವರ್ಷ ಬಂದಿದ್ದ ನಿವೃತ್ತ ತಹಶೀಲ್ದಾರರು ಕೊನೆಯ ಸಾಲಿನವರೆಗೂ ಓದಿ, ಮುದ್ರಿಸಿದವರ ಹೆಸರನ್ನೂ ಓದಿದ್ದರಂತೆ.

ಈ ವರ್ಷದ ದೊಡ್ಡವನು ಜಿನೇಂದ್ರ. ಗೋಕಾಕದ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕ, ನಲವತ್ತೆರಡು ವರ್ಷ. ಅವನು ದೊಡ್ಡವನಾಗಿ ನಾಲ್ಕು ತಿಂಗಳಷ್ಟೇ ಆಗಿತ್ತು.

ಅದಕ್ಕೆ ಮೊದಲು ಆರು ವರ್ಷ ಅವನು ಊರಿನ ವಾರಪತ್ರಿಕೆಯಲ್ಲಿ ಅಂಕಣ ಬರೆಯುತ್ತಿದ್ದ. ಸೈಬರ್ ಕೆಫೆಯಲ್ಲಿ ಆಕಾಶಗಂಗೆ, ನೀಹಾರಿಕೆಗಳ ಚಿತ್ರಗಳನ್ನು ಪ್ರಿಂಟು ತೆಗೆಸಿ, ರಟ್ಟಿಗೆ ಅಂಟಿಸಿ, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ಅರ್ಥ ಹುಡುಕುತ್ತಿದ್ದ. ಒಂದರಲ್ಲಿ ಮೈ ತೊಳೆಸಿಕೊಳ್ಳುವ ಎಮ್ಮೆ, ಇನ್ನೊಂದರಲ್ಲಿ ಹೆಂಚಿನ ಮೇಲೆ ಉಬ್ಬಿದ ರೊಟ್ಟಿ. ಓದುಗರು ಬೆಲ್ಲದ ಧಾರಣೆ ಓದಿ ಪುಟ ತಿರುವುತ್ತಿದ್ದರು. ಅವನ ಅಂಕಣ ಆ ಪುಟದ ಕೆಳಗಿತ್ತು.

ಶ್ರಾವಣದಲ್ಲಿ ಒಂದು ದಿನ ಒಂದು ಗ್ಯಾಲಕ್ಸಿಯ ನಡುವೆ ಕಪ್ಪು ಕಂಡಿತು. ಇನ್ನೊಂದನ್ನು ನೋಡಿದ. ಅದರಲ್ಲೂ ಇತ್ತು. ಮನೆಯಲ್ಲಿದ್ದ ಅರವತ್ತೂ ಚಿತ್ರಗಳಲ್ಲಿ ಇತ್ತು. ನಡುವನ್ನು ಬಿಟ್ಟು ಅಂಚನ್ನು ನೋಡಿದರೆ ಅಂಚಿಗೂ ಬರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕಣ್ಣಿನ ಡಾಕ್ಟರ ಬಳಿ ಹೋಗುತ್ತಿದ್ದರು. ಜಿನೇಂದ್ರ ಅಂಕಣ ಬರೆದ. "ವಿಶ್ವದ ಗರ್ಭದಲ್ಲಿ ಒಂದು ಕಪ್ಪು ಇದೆ. ನಾವು ನೋಡಿದಲ್ಲಿಗೆ ಅದು ಬರುತ್ತದೆ. ತನ್ನನ್ನು ನೋಡುತ್ತಿದ್ದಾರೆಂದು ಅದಕ್ಕೆ ಗೊತ್ತು."

ಇದು ಜನರಿಗೆ ಹಿಡಿಸಿಬಿಟ್ಟಿತು. ಅರಭಾವಿಯಿಂದ ಪತ್ರ ಬಂತು, ಯಮಕನಮರಡಿಯಿಂದ ಫೋನು ಬಂತು. ಕಪ್ಪು ಕುಳಿ ಅಂತಾರಲ್ಲ ಅದೇ ಏನ್ರಿ ಎಂದು ಕೇಳಿದವರಿಗೆ, ಅದು ಬೇರೆ, ಇದು ಬೇರೆ ಎನ್ನುತ್ತಿದ್ದ. ಸಂಪಾದಕರು ಅಂಕಣವನ್ನು ಬೆಲ್ಲದ ಧಾರಣೆಯ ಮೇಲಕ್ಕೆ ತಂದರು.

ಕಾಣುವುದಿಲ್ಲ ಎಂದವಳು ಒಬ್ಬಳೇ, ಹೆಂಡತಿ ರಾಜಮತಿ. ಒಂದು ಮಧ್ಯಾಹ್ನ ಕೈ ಒರೆಸಿಕೊಂಡು ಬಂದು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಎಲ್ಲೈತ್ರಿ? ನನಗೇನೂ ಕಾಣವಲ್ದು. ನಡುವ ಚಲೋ ಬೆಳಕೈತಿ," ಎಂದಿದ್ದಳು.

"ನಿನಗ ನೋಡಾಕ ಬರೂದಿಲ್ಲ," ಎಂದಿದ್ದ ಜಿನೇಂದ್ರ.

ಅವಳು ಮತ್ತೆ ನೋಡಲಿಲ್ಲ. ಅವನೂ ತೋರಿಸಲಿಲ್ಲ. ಅಂದಿನಿಂದ ಅವರಿಬ್ಬರ ನಡುವೆ ಹಾಲು, ತರಕಾರಿ, ಕರೆಂಟು ಬಿಲ್ಲಿನ ಮಾತು ಮಾತ್ರ ಉಳಿಯಿತು. ಮನೆಯಲ್ಲಿ ಜಗಳವೇ ಇಲ್ಲವೆಂದು ನೆರೆಯವರು ಹೊಗಳುತ್ತಿದ್ದರು.

ಪರದೆಯ ಹಿಂದೆ ದೀಪಾ ಅವನ ಬಲಗಣ್ಣಿಗೆ ಬೆಳಕು ಬಿಟ್ಟು, ಬಗ್ಗಿ ನೋಡಿದಳು. ಅವಳ ಉಸಿರಿಗೆ ಏಲಕ್ಕಿಯ ವಾಸನೆಯಿತ್ತು. ಹೊರಗೆ ವೃಷಭ ಮೈಕಿನಲ್ಲಿ, ಆಪರೇಷನ್‍ಗೆ ಆರಿಸಿದವರು ಎಡಗಡೆ ಕೂಡಬೇಕು ಎಂದು ಕೂಗುತ್ತಿದ್ದ.

"ಯಾವಾಗಿಂದ್ರಿ ಸರ್?"

"ಏನು?"

"ನಡುವ ಕಪ್ಪ ಕಾಣೂದು."

"ಹಂಗೇನಿಲ್ಲ."

"ಕಣ್ಣಿನ ಒಳಗ, ನಟ್ಟನಡುವ ನೀರ ತುಂಬೈತ್ರಿ. ಇನ್ನೊಂದು ಕಣ್ಣ ಚಲೋ ಇರತೈತಲ್ಲ, ಅದಕ ಗೊತ್ತಾಗೂದಿಲ್ಲ. ಬಾಳ ಮಂದಿಗೆ ತನ್ನಷ್ಟಕ ತಾನ ಹೋಗತೈತಿ. ಆದ್ರೂ ಒಂದ್ಸಲ ಮಿರಜದ ದವಾಖಾನಿಗೆ ಹೋಗಿ ತೋರಿಸ್ರಿ. ತಡಾ ಮಾಡಬ್ಯಾಡ್ರಿ."

ಅವಳು ದೀಪ ಆರಿಸಿ ಮೆಲ್ಲಗೆ ಕೇಳಿದಳು.

"ನಿಮ್ಮ ಅಂಕಣ ನಾ ಓದ್ತೇನ್ರಿ. ನಮ್ಮ ಅವ್ವಗೂ ಓದಿ ಹೇಳ್ತೇನಿ. ನೀವು ಚಿತ್ರ ಎಡಗಣ್ಣಲೆ ಎಂದಾದ್ರೂ ನೋಡಿರೇನು?"

"ರೂಢಿ ಇಲ್ಲ," ಎಂದ.

ಅದು ನಿಜವೇ ಆಗಿತ್ತು. ನಾಲ್ಕು ತಿಂಗಳಲ್ಲಿ ಭೂತಗನ್ನಡಿಯನ್ನು ಒಮ್ಮೆಯೂ ಎಡಗಣ್ಣಿಗೆ ಸಿಕ್ಕಿಸಿಕೊಂಡಿರಲಿಲ್ಲ. ಪ್ರಯೋಗವನ್ನು ಒಂದೇ ಸಲ ಮಾಡಿ ಉತ್ತರ ಬರೆಯುವ ಹುಡುಗರಿಗೆ ಅವನು ಸೊನ್ನೆ ಹಾಕುತ್ತಿದ್ದ.

ಅವಳು ಹೊರಗೆ ಹೋದ ಮೇಲೆ ಚೀಲದಿಂದ ಒಂದು ಚಿತ್ರ ತೆಗೆದ. ಭೂತಗನ್ನಡಿ ಎಡಗಣ್ಣಿನಲ್ಲಿ ನಿಲ್ಲಲಿಲ್ಲ, ಎರಡು ಸಲ ಬಿತ್ತು. ಕೈಯಲ್ಲಿ ಹಿಡಿದು ನೋಡಿದ. ಗ್ಯಾಲಕ್ಸಿಯ ನಡುವೆ ಮೊಸರಿನ ಕೆನೆಯಂಥ ಬೆಳಕು, ತುಂಬ, ಒಂದಿಷ್ಟೂ ಕಲೆಯಿಲ್ಲದೆ ಕೂತಿತ್ತು. ಜಿನೇಂದ್ರನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆ ಬೆಳಕಿನ ಮೇಲೆ ಸಿಟ್ಟು ಬಂತು. ಇಂಥ ಬೆಳಕು ಎಲ್ಲರಿಗೂ ಕಾಣುತ್ತದೆ, ಅದರ ಬಗ್ಗೆ ಬರೆಯುವುದೇನು?

ಮಧ್ಯಾಹ್ನ ಅವನ ಪುಸ್ತಕದ ಬಿಡುಗಡೆ. ನಲವತ್ತು ಪುಟ, ಬಲಬದಿಯ ಪುಟಗಳ ನಟ್ಟನಡುವೆ ಒಂದೊಂದು ಚಿತ್ರ, ನಾನೂರು ಪ್ರತಿ, ಎಲ್ಲ ವೃಷಭನ ತಂದೆಯ ನೆನಪಿಗೆ. ಪ್ರೆಸ್ಸಿನಿಂದ ಬಂದ ಪುಸ್ತಕವನ್ನು ಜಿನೇಂದ್ರ ಇನ್ನೂ ನೋಡಿರಲಿಲ್ಲ. ಈಗ ನೋಡುವ ಧೈರ್ಯವೂ ಇರಲಿಲ್ಲ.

ಪರದೆಯ ಸಂದಿಯಿಂದ ಹೆಂಗಸರ ಸಾಲಿನಲ್ಲಿ ರಾಜಮತಿ ಕಂಡಳು. ಎಲ್ಲರ ಕೈಗೂ ಪುಸ್ತಕ ಹಂಚಿ ಆಗಿತ್ತು. ಅವಳದು ಮಡಿಲಲ್ಲಿ ಮುಚ್ಚಿಯೇ ಇತ್ತು. ನಾಲ್ಕು ತಿಂಗಳಲ್ಲಿ ಖರೇ ನೋಡಿದವಳು ಇವಳೊಬ್ಬಳೇ ಎಂದುಕೊಂಡ. ಇವತ್ತು ಎಲ್ಲರೆದುರು ಹೇಳಿಬಿಡುತ್ತೇನೆ, ಮಾನ ಹೋದರೆ ಹೋಗಲಿ, ಅವಳು ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿದರೆ ಸಾಕು. ಹೀಗೆ ಅಂದುಕೊಂಡಾಗ ಎದೆ ಹಗುರಾಯಿತು. ಬಹಳ ದಿನಗಳ ಮೇಲೆ ಅವಳ ಮುಖವನ್ನು ಆಸೆಯಿಂದ ನೋಡಿದ.

ಹೊಗಳಿಕೆ ಮುಕ್ಕಾಲು ತಾಸು ನಡೆಯಿತು. ಮೂಡಲಗಿಯಿಂದ ಬಂದಿದ್ದ ಹೈಸ್ಕೂಲು ಹೆಡ್‍ಮಾಸ್ತರರು, ಮುಂದಿನ ರವಿವಾರ ಸರ್ ನಮ್ಮೂರಿಗೂ ಬರಬೇಕು, ಕಪ್ಪಿನ ಬಗ್ಗೆ ನಮ್ಮ ಮಕ್ಕಳಿಗೂ ಬೆಳಕು ಚೆಲ್ಲಬೇಕು ಎಂದರು. ಯಾರೂ ನಗಲಿಲ್ಲ.

ಜಿನೇಂದ್ರ ಮೈಕಿನ ಮುಂದೆ ನಿಂತ.

"ನಾ ಬರೆದಿದ್ದು ತಪ್ಪು," ಎಂದ. "ಆ ಕಪ್ಪು ಯಾವ ಚಿತ್ರದಾಗೂ ಇಲ್ಲ. ನನ್ನ ಬಲಗಣ್ಣಿಗೆ ರೋಗ ಐತಿ. ಒಳಗ ನೀರ ತುಂಬೈತಿ. ಇವತ್ತ ಮುಂಜಾನೆ ಇಲ್ಲೇ ಗೊತ್ತಾತು. ಎಡಗಣ್ಣಲೆ ನೋಡಿದ್ರ ಏನೂ ಇಲ್ಲ. ನನ್ನ ಮಾಫ್ ಮಾಡ್ರಿ."

ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿರಲಿಲ್ಲ. ಕಾರ್ಯಾಲಯದಲ್ಲಿ ಪುಟ ತಿರುವುವ ಸಪ್ಪಳವಾಯಿತು. ಎಡಗಡೆಯ ಸಾಲಿನಿಂದ ಕಣಗಲಾದ ಕರೆಪ್ಪ ಎದ್ದು ನಿಂತ. ಎರಡೂ ಕಣ್ಣಿಗೆ ಪೊರೆ, ನಾಳೆ ಆಪರೇಷನ್ನು.

"ಯಾರ ಹೇಳ್ಯಾರ್ರಿ ಇಲ್ಲಂತ? ನನಗ ಸುದ್ಧಾ ಕಾಣಾಕತ್ತೈತಿ!" ಎಂದು ಪುಸ್ತಕವನ್ನು ಮೇಲೆತ್ತಿ ತೋರಿಸಿದ. "ಬಾಕಿ ಏನೂ ಕಾಣವಲ್ದು. ಕರಿ ಚುಕ್ಕಿ ಮಾತ್ರ ಚಲೋ ಕಾಣತೈತಿ."

"ನಂದ್ರಾಗೂ ಐತಿ!"

"ಎಲ್ಲಾದ್ರಾಗೂ ಅದಾವ್ರಿ!"

"ಚಂದ ಅದಾವಂತ ಕಾಡಿಗಿ ಬೊಟ್ಟ ಇಟ್ಟಾರೇಳು," ಎಂದಳು ಮುದುಕಿ ಗುಡ್ಡವ್ವ, ಯಾರಿಗೂ ಅಲ್ಲ.

ಜಿನೇಂದ್ರ ಮೇಜಿನ ಮೇಲಿದ್ದ ಪ್ರತಿಯನ್ನು ಬಿಡಿಸಿದ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದ. ಗ್ಯಾಲಕ್ಸಿಯ ನಡುವೆ ಕಪ್ಪು ಇತ್ತು. ಗುಂಡಗೆ, ಕಡ್ಡಿಪೆಟ್ಟಿಗೆಯ ಕಡ್ಡಿಯ ತಲೆಯಷ್ಟು.

ವೃಷಭ ಕಿವಿಯ ಹತ್ತಿರ ಬಗ್ಗಿದ. ಮುಖ ತುಂಬ ನಗೆ.

"ಕಪ್ಪ ಪ್ರಿಂಟಿನ್ಯಾಗ ಬಿದ್ದಿದ್ದಿಲ್ರಿ ಸರ್. ಪ್ರೆಸ್ಸಿನವ ಮರ್ತಾನ, ಸರ್ ಏನ್ ತಿಳ್ಕೋತಾರ ಅಂತ ನಮಗ ಎದಿ ಒಡದಂಗಾಗಿತ್ತು. ಎರಡು ದಿನ ಮನಿ ಹೆಣ್ಮಕ್ಕಳೆಲ್ಲ ಕುಂತು, ಸ್ಟ್ಯಾಂಪ್ ಪ್ಯಾಡಿನ ಇಂಕಿನ್ಯಾಗ ಕಡ್ಡಿ ಅದ್ದಿ ಒಂದೊಂದಕ್ಕೂ ಇಟ್ಟಾರ. ನಮ್ಮ ಸೊಸೆಯಂದ್ರು ಭಕ್ತಿ, ಶುಭಾಂಗಿ ಇಬ್ಬರೂ ಶನಿವಾರ ಉಪಾಸ ಇದ್ದರೂ ಬಿಡಲಿಲ್ಲ. ಅಪ್ಪಾರ ನೆನಪಿನ ಪುಸ್ತಕ ನೋಡ್ರಿ, ಹಂಗ ಬಿಡಾಕ ಬರತೈತೇನ್ರಿ?"

ಮೈಕು ಇನ್ನೂ ಅವನ ಮುಂದೆಯೇ ಇತ್ತು. ಇಂಕು ಎಂಬ ಒಂದು ಮಾತು ಸಾಕಾಗಿತ್ತು. ಎದುರಿಗೆ ವೃಷಭನ ತಂದೆಯ ಭಾವಚಿತ್ರ, ಅದರ ಕೆಳಗೆ ಬೆರಳ ತುದಿ ಕಪ್ಪಾದ ಇಬ್ಬರು ಸೊಸೆಯಂದಿರು ಹೆಮ್ಮೆಯಿಂದ ಕೂತಿದ್ದರು. ಜಿನೇಂದ್ರ ಪುಸ್ತಕ ಮುಚ್ಚಿ ಮೈಕಿನಿಂದ ಹಿಂದೆ ಸರಿದ. ಜನ ಚಪ್ಪಾಳೆ ತಟ್ಟಿದರು. ಇಷ್ಟು ಓದಿದವರಿಗೆ ಎಷ್ಟು ವಿನಯ ನೋಡ್ರಿ ಎಂದು ಹೆಡ್‍ಮಾಸ್ತರರು ಅಕ್ಕಪಕ್ಕದವರಿಗೆ ಹೇಳಿದರು. ಪರದೆಯ ಬಳಿ ನಿಂತಿದ್ದ ದೀಪಾ ಕೂಡ ಒಂದು ಪುಸ್ತಕ ತೆಗೆದುಕೊಂಡು, ಹುಬ್ಬು ಗಂಟು ಹಾಕಿ ನೋಡಿ, ಒಮ್ಮೆ ಕಣ್ಣುಜ್ಜಿಕೊಂಡಳು.

ಐದು ಗಂಟೆಗೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ರಾಜಮತಿ ಊಟದ ಡಬ್ಬಿ ಬಿಚ್ಚಿದಳು. ಗೋಕಾಕ ಮುಟ್ಟುವುದರೊಳಗೆ ಹೊತ್ತು ಮುಳುಗುತ್ತದೆ, ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಚಪಾತಿ, ಶೇಂಗಾ ಚಟ್ನಿ. ಅವನು ಎರಡು ತುತ್ತು ತಿಂದು ಬಿಟ್ಟ. ಅವಳು ಕೈ ತೊಳೆದು ಬಂದು, ಸೆರಗಿಗೆ ಒರೆಸಿಕೊಂಡು, ಪುಸ್ತಕವನ್ನು ಮೊದಲ ಸಲ ಬಿಡಿಸಿದಳು. ಮೊದಲನೆಯ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಆವತ್ತ ನನಗ ಖರೇನ ನೋಡಾಕ ಬಂದಿದ್ದಿಲ್ಲ ನೋಡ್ರಿ," ಎಂದಳು. "ಸುಮ್ಮನ ಇಲ್ಲ ಅಂದಬಿಟ್ಟೆ. ನಿಮಗೆಷ್ಟ್ ಬ್ಯಾಸರ ಆಗಿರಬೇಕು."

ನಾಲ್ಕು ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಇದು. ಅವನು ಇಡೀ ದಿನ ಬಯಸಿದ್ದ ಹಾಗೆಯೇ ತಲೆಯೆತ್ತಿ ಅವನತ್ತ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು.

"ರಾಜಮತಿ, ನೀ ಹೇಳಿದ್ದ ಖರೆ. ಇದು ಇಂಕು."

"ಇರ್ಲಿ ಬಿಡ್ರಿ."

"ಸ್ಟ್ಯಾಂಪ್ ಪ್ಯಾಡಿನ ಇಂಕು. ವೃಷಭನ ಮನಿಯವರು ಕಡ್ಡೀಲೆ ಇಟ್ಟಾರ."

"ಇನ್ನೂ ಸಿಟ್ಟ ಹೋಗಿಲ್ಲೇನ್ರಿ? ನನ್ನ ಮನಸ್ಸ ಕಾಯಾಕ ಅಂತ ನಿಮ್ಮ ಕೆಲಸಾ ನೀವ ಸುಳ್ಳ ಮಾಡಬ್ಯಾಡ್ರಿ. ನಾನೂರು ಮಂದಿ ನೋಡ್ಯಾರ."

"ತಾ ಇಲ್ಲಿ," ಎಂದು ಪುಸ್ತಕ ಕಸಿದುಕೊಂಡ. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಚುಕ್ಕೆಯನ್ನು ತಿಕ್ಕಿದ. "ನೋಡು, ಹೋಗತೈತಿ ನೋಡು." ಹೋಗಲಿಲ್ಲ, ಹರಡಿತು. ಗ್ಯಾಲಕ್ಸಿಯ ಒಂದು ತೋಳು ಬೂದಿಯಾಯಿತು, ಆಮೇಲೆ ಇನ್ನೊಂದು. ಮತ್ತೆ ಎಂಜಲು ಹಚ್ಚಿ ತಿಕ್ಕಿದ. ಬಸ್ಸಿಗೆ ಕಾಯುತ್ತಿದ್ದವರು ಮೇಷ್ಟ್ರ ಕೈ ನೋಡುತ್ತಿದ್ದರು. ಅಗ್ಗದ ಕಾಗದ ಸಣ್ಣ ಸಣ್ಣ ಸುರುಳಿಯಾಗಿ ಎದ್ದು, ಕೊನೆಗೆ ನಡುವೆ ಹರಿಯಿತು. ಬೆರಳು ಹೋಗುವಷ್ಟು ತೂತು.

"ಈಗ ನೋಡು," ಎಂದು ಏದುಸಿರು ಬಿಡುತ್ತ ಅವಳ ಮುಖದ ಹತ್ತಿರ ಹಿಡಿದ. "ಐತೇನು?"

ರಾಜಮತಿ ಬಗ್ಗಿ, ತೂತಿನೊಳಗೆ ಶ್ರದ್ಧೆಯಿಂದ ನೋಡಿದಳು. ಅದರಾಚೆ ಮುಂದಿನ ಚಿತ್ರ, ಅದರ ನಟ್ಟನಡುವೆ ಶುಭಾಂಗಿಯೋ ಭಕ್ತಿಯೋ ಇಟ್ಟ ಕಪ್ಪು, ಒಂದು ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತಿತ್ತು.

"ಐತಲ್ರಿ," ಎಂದಳು, ಬಹಳ ಸಂತೋಷದಿಂದ.