ತುಟಿಗೆ ಕೂತ ದನಿ

ಡಿಸ್ಕಿನ ಅಂಚು ಹಿಡಿದುಕೊಂಡು ಅಜ್ಜಿ ಅದನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಲೇ ಇದ್ದಳು. ಹೊಚ್ಚ ಹೊಸ ಡಿಸ್ಕು. ಒರೆಸಲು ಅದರ ಮೇಲೆ ಏನೂ ಇರಲಿಲ್ಲ.

"ಬೇಗ ಹಾಕು ಅಜ್ಜಿ! ಹೀಗೇ ಉಜ್ಜುತಾ ಇದ್ರೆ ಸಿನಿಮಾನೇ ಸವೆದುಹೋಗತ್ತೆ," ಎಂದು ಮೊಮ್ಮಗಳು ಸೋಫಾದ ಮೇಲೆ ಕುಣಿಯುತ್ತಿದ್ದಳು. ಏನನ್ನೇ ಹಿಡಿದರೂ ಬಿಡದೆ ರಾಗ ಎಳೆಯುವ ಹುಡುಗಿಯಾದ್ದರಿಂದ ಮನೆಯಲ್ಲಿ ಅವಳಿಗೆ ಪಿಟೀಲು ಎಂದೇ ಹೆಸರು. ಶಾಲೆಗೆ ರಜೆ ಇದ್ದ ದಿನಗಳಲ್ಲಿ ಅವಳ ಅಮ್ಮ ಅವಳನ್ನು ಇಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು.

ತಾತ ಕಂಚಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಗಡ್ಡ ಬೋಳಿಸಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು, ಕತ್ತಿನ ತೂತಿನ ಮೇಲೆ ಒಗೆದ ಬಿಳಿ ಬಟ್ಟೆ ಕಟ್ಟಿಕೊಂಡಿದ್ದ. ಹೆಣ್ಣು ನೋಡಲು ಹೊರಟವನ ಹಾಗೆ ಕಾಣುತ್ತೀರಿ ಎಂದು ಹೆಂಡತಿ ಬೆಳಿಗ್ಗೆಯೇ ಕಿಚಾಯಿಸಿದ್ದಳು. ಅವನು ನಾಚಿಕೊಂಡಿದ್ದ.

ಕಂಚಣ್ಣ ಎಂಬುದು ಡಬ್ಬಿಂಗ್ ಸ್ಟುಡಿಯೋದವರು ಇಟ್ಟ ಹೆಸರು. ಅವನದು ಕಂಚಿನ ಕಂಠ. ಹೊರದೇಶದ ಚಿತ್ರಗಳ ಕತ್ತಿವೀರರು, ಕಡಲುಗಳ್ಳರು, ಸೆರೆಯಿಂದ ತಪ್ಪಿಸಿಕೊಂಡ ರಾಜಕುಮಾರರು ಎಲ್ಲರೂ ಒಂದು ಕಾಲಕ್ಕೆ ಅವನ ಬಾಯಿಂದಲೇ ನಮ್ಮ ಭಾಷೆ ಕಲಿತಿದ್ದರು. ಚಿತ್ರದ ಒಂದು ತುಂಡನ್ನು ಕತ್ತಲ ಕೋಣೆಯಲ್ಲಿ ಮತ್ತೆ ಮತ್ತೆ ಓಡಿಸುತ್ತಿದ್ದರು. ಮೈಕಿನ ಮುಂದೆ ನಿಂತು, ಪರದೆಯ ಮೇಲಿನ ತುಟಿ ತೆರೆದಾಗ ಇವನೂ ತೆರೆಯಬೇಕು, ಅದು ಮುಚ್ಚಿದಾಗ ಇವನೂ ಮುಚ್ಚಬೇಕು. ಮಾತು ತುಟಿಗೆ ಕೂರುವವರೆಗೂ ಬಿಡುಗಡೆ ಇಲ್ಲ. ಮನೆಯಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಾ ಅಭ್ಯಾಸ ಮಾಡುತ್ತಿದ್ದ. "ಪಾಪಿಗಳೇ, ಬಾಗಿಲು ತೆರೆಯಿರಿ!" ಎಂಬ ಆರ್ಭಟ ಕೇಳಿ ಒಮ್ಮೆ ಅಂಚೆಯವನು ಟಪಾಲನ್ನು ಮೆಟ್ಟಿಲ ಮೇಲೆಯೇ ಎಸೆದು ಓಡಿದ್ದನ್ನು ಅಜ್ಜಿ ಇಂದಿಗೂ ಹೇಳಿಕೊಂಡು ನಗುತ್ತಾಳೆ.

ಆಮೇಲೆ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಡಾಕ್ಟರು ಗಂಟಿನ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿ, ಉಸಿರಾಡಲು ಕತ್ತಿನಲ್ಲಿ ತೂತು ಮಾಡಿದರು. ಜೀವ ಉಳಿಯಿತು. ಅದಾಗಿ ಎರಡು ವರ್ಷಕ್ಕೆ ಪಿಟೀಲು ಹುಟ್ಟಿದ್ದು. ಹೀಗಾಗಿ ಅವಳ ಪಾಲಿಗೆ ತಾತ ಎಂದರೆ ಸ್ಲೇಟು, ಸೀಮೆಸುಣ್ಣ ಮತ್ತು ಕತ್ತಿನಲ್ಲಿ ಸುಯ್ಯೆನ್ನುವ ಉಸಿರು, ಅಷ್ಟೇ.

"ತಾತ ಹೇಗೆ ಮಾತಾಡ್ತಿದ್ರು? ಮಾಡಿ ತೋರ್ಸು," ಎಂದು ಒಂದು ದಿನ ಅವಳು ದುಂಬಾಲು ಬಿದ್ದಳು. ಅಜ್ಜಿ ಎದೆಯುಬ್ಬಿಸಿ, ಗಂಟಲು ಅಗಲ ಮಾಡಿ ಏನೋ ಹೇಳಿದಳು. "ಎಮ್ಮೆ ಕೂಗಿದ ಹಾಗಿದೆ," ಎಂದು ಪಿಟೀಲು ಬಿದ್ದು ಬಿದ್ದು ನಕ್ಕಳು. ಕಂಚಣ್ಣನೂ ನಕ್ಕ. ಅಜ್ಜಿಗೆ ನಗು ಬರಲಿಲ್ಲ. ಈ ಮಗು ಅವನ ದನಿ ಕೇಳದೆಯೇ ಬೆಳೆದುಬಿಡುತ್ತದಲ್ಲ ಎಂಬ ಸಂಕಟ ಅಂದು ಹತ್ತಿಕೊಂಡದ್ದು ಬಿಡಲೇ ಇಲ್ಲ.

ಮನೆಯಲ್ಲಿ ಅವನ ದನಿ ಎಲ್ಲೂ ಉಳಿದಿರಲಿಲ್ಲ. ಮಗಳ ಮದುವೆಯ ವಿಡಿಯೋ ಒಂದಿತ್ತು. ಆದರೆ ವಿಡಿಯೋದವನು ತನ್ನ ಕಲೆಯನ್ನೆಲ್ಲ ಸುರಿದು ಉದ್ದಕ್ಕೂ ಸಿನಿಮಾ ಹಾಡು ತುಂಬಿದ್ದ. ಕಂಚಣ್ಣ ಬೀಗರನ್ನು ಬನ್ನಿ ಬನ್ನಿ ಎಂದು ಕರೆಯಲು ಬಾಯಿ ತೆರೆದರೆ ಒಳಗಿನಿಂದ ಯಾರೋ ಹೆಂಗಸು ವಿರಹಗೀತೆ ಹಾಡುತ್ತಿದ್ದಳು. ಇನ್ನು ಉಳಿದದ್ದು ಸಿನಿಮಾಗಳು. ಅಜ್ಜಿ ಡಿಸ್ಕಿನ ಅಂಗಡಿಗಳನ್ನು ಸುತ್ತಿ ಸುತ್ತಿ ಚಪ್ಪಲಿ ಸವೆಸಿದಳು. ಕೊನೆಗೆ ಬಸ್ ನಿಲ್ದಾಣದ ಹಿಂದಿನ ಅಂಗಡಿಯವನು, "ಬಂದಿದೆ ಅಮ್ಮ, ಕಪ್ಪುಬಿಳುಪಿಂದು, ಮುಖವಾಡದ ಕತ್ತಿವೀರ. ನಮ್ಮ ಭಾಷೇಲೇ ಇದೆ. ಚಿತ್ರ ತೊಳೆದಿಟ್ಟ ಹಾಗಿದೆ," ಎಂದಾಗ ಅವಳಿಗೆ ಅವನ ಕೆನ್ನೆ ಸವರಬೇಕೆನಿಸಿತ್ತು. ಕಂಚಣ್ಣ ಮಾಡಿದ್ದರಲ್ಲೆಲ್ಲ ದೊಡ್ಡ ಕೆಲಸ ಅದೇ.

ಚಿತ್ರ ಶುರುವಾಯಿತು. ನಿಜಕ್ಕೂ ತೊಳೆದಿಟ್ಟ ಹಾಗಿತ್ತು. ಕೋಟೆಯ ಕಲ್ಲು, ಕುದುರೆಯ ಬೆವರು, ಟೋಪಿಯ ಮೇಲಿನ ಗರಿ ಎಲ್ಲ ಎಣಿಸುವಷ್ಟು ಸ್ಪಷ್ಟ. ಮೊದಲು ಸಣ್ಣ ಮೀಸೆಯ ಮಂತ್ರಿ ಮಾತಾಡಿದ. ಅವನ ದನಿ ಬೇರೆ ಯಾರದೋ ಎಂದು ಅಜ್ಜಿಗೆ ಅನ್ನಿಸಿತು, ಆದರೆ ಆ ಪಾತ್ರಕ್ಕೆ ಯಾರು ಮಾತಾಡಿದ್ದರೋ ಅವಳಿಗೇನು ನೆನಪು. ಪಿಟೀಲು ತಾತನ ಮಂಡಿಯ ಮೇಲೆ ಗದ್ದವಿಟ್ಟು ಕಾಯುತ್ತಿದ್ದಳು. ಮಂತ್ರಿಯ ಔತಣಕೂಟ, ನೂರು ಮೇಣದಬತ್ತಿಗಳ ತೂಗುದೀಪ. ಅದಕ್ಕೆ ಜೋತುಬಿದ್ದು ಮುಖವಾಡದವನು ಈ ಮಾಳಿಗೆಯಿಂದ ಆ ಮಾಳಿಗೆಗೆ ಹಾರಿದ. ಮಂತ್ರಿಯ ಕೈಯ ಕತ್ತಿ ಕೆಳಗೆ ಬಿತ್ತು. ವೀರ ಸೊಂಟದ ಮೇಲೆ ಕೈಯಿಟ್ಟು ನಿಂತ.

ಎತ್ತಿಕೊಳ್ಳಿ ಮಹಾಶಯ, ಎಂದು ಕಂಚಣ್ಣನ ಹಳೆಯ ಮಾತನ್ನು ಅಜ್ಜಿ ಮನಸ್ಸಿನಲ್ಲೇ ಮುಂಚಿತವಾಗಿ ಹೇಳಿಕೊಂಡಳು.

"ತಗೋ ನಿನ್ನ ಕತ್ತಿ," ಎಂದಿತು ಪರದೆ.

ಒಳ್ಳೆಯ ದನಿಯೇ. ಗಟ್ಟಿಯಾಗಿತ್ತು, ತುಂಬಿಕೊಂಡಿತ್ತು, ಮೂವತ್ತರ ಒಳಗಿನವನದು. ಅದು ಕಂಚಣ್ಣನದಲ್ಲ. ಅಜ್ಜಿ ಗಂಡನ ಕಡೆ ತಿರುಗಿದಳು. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಅಷ್ಟರಲ್ಲಿ ವೀರ ತಲೆ ಹಿಂದಕ್ಕೆ ಎಸೆದು ನಕ್ಕ, ಮೂರು ಏರಿನಲ್ಲಿ ಮೇಲಕ್ಕೇರುವ ನಗು. ಪಿಟೀಲು ಚಿಮ್ಮಿ ಎದ್ದು ನಿಂತಳು.

"ತಾತಾ! ಇದು ನೀನಾ? ಇದು ನೀನೇನಾ?"

"ಪುಟ್ಟಾ, ಇದು..." ಎಂದು ಅಜ್ಜಿ ಬಾಯಿ ತೆರೆದಳು.

ಕಂಚಣ್ಣ ಕೈ ಎತ್ತಿದ. ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿದಾಗ ಎಲ್ಲರೂ ಸುಮ್ಮನಿರಿ ಎನ್ನುವಂತೆ ಎತ್ತುತ್ತಿದ್ದ ಕೈ. ಮಗುವಿನ ಮುಖ ನೋಡಿದ. ಆಮೇಲೆ ಹೌದು ಎಂದು ತಲೆಯಾಡಿಸಿದ.

ಪಿಟೀಲು ಅವನ ಎದೆಗೆ ಕಿವಿಯಿಟ್ಟಳು. "ಇಲ್ಲಿಂದ ಬರ್ತಿತ್ತಾ ಅಷ್ಟು ದೊಡ್ಡ ದನಿ?" ಎಂದು ಕೇಳಿದಳು. ಅವನು ಅದಕ್ಕೂ ತಲೆಯಾಡಿಸಿದ. ಅಜ್ಜಿ ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಚಿತ್ರ ಮುಗಿದ ಮೇಲೆ ಅವನೂ ಅಲ್ಲಿಗೆ ಬಂದ. ಹಾಲ್‌ನಲ್ಲಿ ಪಿಟೀಲು ಅಳತೆಪಟ್ಟಿ ಹಿಡಿದು ದಿಂಬಿನ ಜೊತೆ ಕಾಳಗಕ್ಕಿಳಿದಿದ್ದಳು.

"ಮಗೂಗೆ ಸುಳ್ಳು ಹೇಳಿದ್ರಲ್ಲ," ಎಂದಳು ಅಜ್ಜಿ ಮೆಲ್ಲಗೆ.

ಕಂಚಣ್ಣ ತುಟಿ ಆಡಿಸಿದ. ಸ್ಲೇಟು ಬೇರೆಯವರಿಗೆ, ಹೆಂಡತಿಗೆ ಅವನ ತುಟಿಯೇ ಸಾಕು. "ನಾನೆಲ್ಲಿ ಹೇಳ್ದೆ? ಬರೀ ತಲೆಯಾಡ್ಸಿದೆ."

"ತಮಾಷೆ ಸಾಕು. ನಿಮ್ಮದಲ್ಲ ಅದು. ಯಾವನೋ ಬಂದು ನಿಮ್ಮ ಜಾಗದಲ್ಲಿ ಕೂತಿದಾನೆ, ನೀವು ಹೂಂ ಅಂತೀರಾ?"

"ಹುಡುಗ ಚೆನ್ನಾಗಿ ಮಾಡಿದಾನೆ ಕಣೇ. ಉಸಿರು ಎಲ್ಲಿ ತಗೋಬೇಕೋ ಅಲ್ಲೇ ತಗೊಂಡಿದಾನೆ. ತುಟಿಗೆ ಎಷ್ಟು ಚೆನ್ನಾಗಿ ಕೂತಿದೆ ನೋಡ್ದೆಯಾ?" ಅವನ ಕತ್ತಿನ ಬಟ್ಟೆ ಉಬ್ಬಿ ಇಳಿಯಿತು. "ಮಗು ಒಂದು ದನಿ ಕೇಳ್ತು. ಸಿಕ್ತು. ಬಿಟ್ಬಿಡು."

ಅಜ್ಜಿಗೆ ಅವನ ಮೇಲೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಸಂಜೆ ಮಗಳು ಬರುತ್ತಾಳೆ, ಎರಡು ಮಾತು ಕೇಳಿದರೆ ಸಾಕು, ಇದು ಅಪ್ಪನದಲ್ಲ ಎಂದುಬಿಡುತ್ತಾಳೆ, ಆಗ ಮಗುವಿಗೆ ಕೂರಿಸಿ ಹೇಳಿದರಾಯಿತು ಎಂದು ಸಮಾಧಾನ ಮಾಡಿಕೊಂಡಳು.

ಮಗಳು ಬಂದಾಗ ಪಿಟೀಲು ಅವಳ ಕೈಚೀಲವನ್ನೂ ಇಳಿಸಲು ಬಿಡಲಿಲ್ಲ. ಎಳೆದುಕೊಂಡು ಹೋಗಿ ಟೀವಿಯ ಮುಂದೆ ಕೂರಿಸಿ, ತೂಗುದೀಪದ ಜಾಗಕ್ಕೆ ಓಡಿಸಿದಳು. ಕೋಣೆಯಲ್ಲಿ ಮತ್ತೆ ಆ ನಗು ಮೂರು ಏರಿನಲ್ಲಿ ಏರಿತು. ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ಮಗಳ ಮುಖವನ್ನೇ ನೋಡುತ್ತಿದ್ದಳು. ಇಪ್ಪತ್ತು ವರ್ಷ ಆ ದನಿಯ ಜೋಗುಳ, ಬೈಗುಳ ಎರಡನ್ನೂ ಕೇಳಿ ಬೆಳೆದವಳು.

ಮಗಳ ಕಣ್ಣು ತುಂಬಿಕೊಂಡಿತು. "ಅಪ್ಪಾ," ಎಂದಳು, "ನಿಮ್ಮ ದನಿ ಹೇಗಿತ್ತು ಅನ್ನೋದೇ ನಂಗೆ ಮರೆತುಹೋಗಿತ್ತು. ಎಷ್ಟು ಸಲ ನೆನಪು ಮಾಡ್ಕೊಳ್ಳೋಕೆ ನೋಡಿದ್ದೆ ಗೊತ್ತಾ, ಬರ್ತಾನೇ ಇರ್ಲಿಲ್ಲ. ಈಗ ಬಂತು. ಹೀಗೇ ಅಲ್ವಾ ನೀವು ಬೀದಿ ತುದಿಯಿಂದ ನನ್ನ ಕೂಗ್ತಿದ್ದಿದ್ದು?"

ಈ ಸಲ ಕಂಚಣ್ಣ ತಲೆಯಾಡಿಸಲಿಲ್ಲ. ಎದ್ದು, ಕಿಟಕಿಯ ಬಾಗಿಲು ಹಾಕಿದ. ಅದನ್ನು ಹಾಕುವ ಹೊತ್ತೇನೂ ಆಗಿರಲಿಲ್ಲ. ಮಗಳು ಅದನ್ನು ಸಂಕೋಚವೆಂದುಕೊಂಡಳು. ಅಮ್ಮನ ಕಡೆ ತಿರುಗಿ, "ನೀನು ಹುಡುಕಿ ತಂದೆಯಲ್ಲಮ್ಮ, ಎಂಥ ಪುಣ್ಯದ ಕೆಲಸ ಮಾಡಿದೆ," ಎಂದಳು. ಅಜ್ಜಿ ಅವಳ ಕೈಚೀಲ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಮರೆತವಳಿಗೆ ಇದಲ್ಲ ಎಂದು ಹೇಳಬಹುದು. ಯಾವುದು ಹೌದೋ ಅದನ್ನು ಎಲ್ಲಿಂದ ತಂದು ತೋರಿಸುವುದು? ಹೊರಡುವಾಗ ಪಿಟೀಲು ಮೆಟ್ಟಿಲ ಉದ್ದಕ್ಕೂ ಆ ನಗುವನ್ನು ನಗುತ್ತಲೇ ಇಳಿದಳು.

ಮಾರನೆಯ ದಿನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅಜ್ಜಿ ಅಲ್ಲಿ ನಿಂತಿದ್ದಳು.

"ಇದರಲ್ಲೇ ಹಳೇದೊಂದಿತ್ತಪ್ಪ. ಹಳೇ ದನಿದು. ಅದು ಬೇಕಿತ್ತು."

ಅಂಗಡಿಯವನು ಒಳ್ಳೆಯವನು. ಡಿಸ್ಕು ತಯಾರಿಸಿದವರಿಗೆ ಅಲ್ಲಿಂದಲೇ ಫೋನು ಮಾಡಿ, ಹೂಂ ಹೂಂ ಎಂದು ಕೇಳಿಸಿಕೊಂಡು, ಇಟ್ಟ. "ಇಲ್ವಂತೆ ಅಮ್ಮ. ಚಿತ್ರದ ರೀಲು ಅದರ ದೇಶದಿಂದಲೇ ಚೆನ್ನಾಗಿರೋದು ಸಿಕ್ತಂತೆ. ನಮ್ಮವರು ಮಾತಾಡಿದ್ದ ಸೌಂಡಿನ ರೀಲು ಗೋದಾಮಲ್ಲಿ ಕರಗಿ ಅಂಟಂಟಾಗಿ ಮುದ್ದೆಯಾಗಿತ್ತಂತೆ, ಎಸೆದ್ರಂತೆ. ಅದಕ್ಕೇ ಎಲ್ಲಾರ ಕೈಲೂ ಹೊಸದಾಗಿ ಮಾತಾಡ್ಸಿದಾರೆ. ಯಾಕಮ್ಮ, ಚೆನ್ನಾಗಿ ಮಾತಾಡಿಲ್ವಾ?"

"ಚೆನ್ನಾಗೇ ಮಾತಾಡಿದಾನೆ," ಎಂದಳು ಅಜ್ಜಿ.

ಬಸ್ಸು ಹತ್ತದೆ ನಡೆದೇ ಬಂದಳು. ದಾರಿಯುದ್ದಕ್ಕೂ ಒಂದೇ ಕೆಲಸ: ಎತ್ತಿಕೊಳ್ಳಿ ಮಹಾಶಯ ಎಂಬುದನ್ನು ಅವನ ದನಿಯಲ್ಲಿ ಮನಸ್ಸಿನೊಳಗೆ ಹೇಳಿಸುವುದು. ಒಮ್ಮೆ ಹತ್ತಿರ ಬಂದಂತಾಗಿ ಜಾರಿತು. ಮತ್ತೊಮ್ಮೆ ಯತ್ನಿಸಿದರೆ ಆ ನಗು ಅಡ್ಡ ಬಂತು. ನಡೆದು ಸುಸ್ತಾಗಿದೆ, ಮನೆಗೆ ಹೋದರೆ ಸರಿಹೋಗುತ್ತದೆ ಎಂದುಕೊಂಡಳು.

ಕಂಚಣ್ಣ ಟೀ ಮಾಡಿ ಮುಚ್ಚಿಟ್ಟು ಕಾಯುತ್ತಿದ್ದ. ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಲೋಟ ತೆಗೆದುಕೊಂಡಳು. ಅವನು ಎದುರಿಗೆ ಬಂದು ನಿಂತ. ಅವನ ತುಟಿ ಆಡಿತು.

ಇಷ್ಟು ವರ್ಷ ಆ ತುಟಿ ಆಡಿದಾಗಲೆಲ್ಲ ಅವಳ ಕಿವಿಯೊಳಗೆ ಅವನ ದನಿಯೇ ಕೇಳುತ್ತಿತ್ತು. ಆಸ್ಪತ್ರೆಯಿಂದ ಬಂದ ದಿನದಿಂದಲೂ ಹಾಗೇ. ಹಾಗಾಗಿಯೇ ಊರಿಗೆಲ್ಲ ಅವನು ಮೂಕನಾದರೂ ಅವಳಿಗೆ ಒಂದು ದಿನವೂ ಹಾಗೆನಿಸಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅವನಿಗೂ.

"ಏನಂದ ಅಂಗಡಿಯವನು?"

ಅವಳ ಕಿವಿಯೊಳಗೆ ಈಗ ಕೇಳಿದ್ದು ಡಿಸ್ಕಿನ ಆ ಮೂವತ್ತರ ಒಳಗಿನವನ ದನಿ. ಗಟ್ಟಿಯಾಗಿ, ತುಂಬಿಕೊಂಡು, ತುಟಿಗೆ ಸರಿಯಾಗಿ ಕೂತಿತ್ತು.

"ಇನ್ನೊಂದ್ಸಲ ಹೇಳಿ," ಎಂದಳು.

ಅವನು ಹೇಳಿದ.

"ಇನ್ನೊಂದ್ಸಲ."

ಅವನು ಹುಬ್ಬುಗಂಟಿಕ್ಕಿ, ಮಗುವಿಗೆ ಹೇಳಿಕೊಡುವಂತೆ ನಿಧಾನವಾಗಿ, ಒಂದೊಂದೇ ಮಾತಿಗೆ ಬಾಯಿ ಅಗಲ ಮಾಡಿ ಮತ್ತೆ ಹೇಳಿದ. ಅವಳು ಲೋಟ ಕೆಳಗಿಟ್ಟಳು. ಎದ್ದು ಹಾಲ್‌ಗೆ ಹೋಗಿ ಸ್ಲೇಟು ತಂದು ಅವನ ಕೈಗಿಟ್ಟಳು.

"ಬರೆದುಬಿಡಿ," ಎಂದಳು. "ನನಗೂ ಬರೆದೇ ತೋರ್ಸಿ ಇನ್ಮೇಲೆ."

ಅವಳು ಅವನಿಗೆ ಬೆನ್ನು ಮಾಡಿ ತಿರುಗಿದಳು. ಸ್ವಲ್ಪ ಹೊತ್ತಾದ ಮೇಲೆ ಬೆನ್ನ ಹಿಂದೆ ಸೀಮೆಸುಣ್ಣ ಕಿರ್ರೆನ್ನುವುದು ಕೇಳಿಸಿತು. ಬರೆದು ಮುಗಿಯುವವರೆಗೂ ಅವಳು ಆರಿದ ಒಲೆಯನ್ನೇ ನೋಡುತ್ತಾ ನಿಂತಳು.