ಕೊಲ್ಲಿಯ ಮರಳು

ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಮಗಳು ಅಪ್ಪನ ಉಗುರುಗಳನ್ನು ತಿಕ್ಕುತ್ತಲೇ ಇದ್ದಳು. ಶವದ ಪೆಟ್ಟಿಗೆ ಆಗಲೇ ಬಾಗಿಲಿಗೆ ಬಂದಿತ್ತು. ಉಗುರಿನ ಸಂದಿಯ ಕಪ್ಪು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ.

"ಸಾಕು ಬಿಡೇ," ಎಂದಳು ಚಿಕ್ಕಮ್ಮ. "ಊರೆಲ್ಲ ಕೆಸರಣ್ಣ ಅಂತ್ಲೇ ಕರೀತಿದ್ರು. ಹಾಗೇ ಹೋಗ್ಲಿ."

ಹೆಸರು ತಮಾಷೆಯದು, ಕೆಲಸ ಅಲ್ಲ. ಊರಿನ ಕೊಳಚೆ ಶುದ್ಧವಾಗದೆಯೇ ದಪ್ಪ ಪೈಪಿನಲ್ಲಿ ಹರಿದು ಸಮುದ್ರದ ತಳಕ್ಕೆ ಬೀಳುತ್ತಿತ್ತು. ವರ್ಷಕ್ಕೆರಡು ಸಲ ಪೈಪಿನ ಬಾಯಿಯ ಹತ್ತಿರ ಮುಳುಗಿ, ತಳದ ಕೆಸರನ್ನು ಬಾಟಲಿಗೆ ತುಂಬಿ ಒಳಚರಂಡಿ ಇಲಾಖೆಗೆ ಕೊಡುವುದು ಅವನ ಕೆಲಸ. ಕೆಸರು ಚೆನ್ನಾಗಿದ್ದರೆ ಸಮುದ್ರವೂ ಚೆನ್ನಾಗಿದೆ ಎಂದರ್ಥ. ಇಪ್ಪತ್ತೆರಡು ವರ್ಷ ಚೆನ್ನಾಗಿಯೇ ಇತ್ತು, ಕಾಗದದ ಮೇಲೆ. ದೋಣಿಗೆ ಹುಟ್ಟು ಹಾಕುತ್ತಿದ್ದವಳು ಮಗಳೇ.

*

ಮೊದಲ ಸಲ ಅಪ್ಪ ತಂದದ್ದು ನಿಜವಾದ ಕೆಸರನ್ನೇ. ಡಾಂಬರಿನಷ್ಟು ಕಪ್ಪು, ಕೊಳೆತ ಮೊಟ್ಟೆಯ ನಾತ. ಇಲಾಖೆಯ ಇಂಜಿನಿಯರ್ ಮೂಗು ಮುಚ್ಚಿಕೊಂಡು ಅದನ್ನು ಸಿಂಕಿಗೆ ಸುರಿದರು.

"ಮುಂದಿನ ಸಲ ಒಳ್ಳೇದು ತಗೊಂಬಾ. ಇಲ್ಲಾಂದ್ರೆ ಮುಳುಗೋಕೆ ಬೇರೆಯವರು ಸಿಗ್ತಾರೆ."

ಅಂದಿನಿಂದ ಬಾಟಲಿ ತುಂಬಿದ್ದು ಬಂಡೆಯಾಚೆಗಿನ ಕೊಲ್ಲಿಯ ಬಿಳಿ ಮರಳಿನಿಂದ. ಆದರೂ ಅಪ್ಪ ಪ್ರತಿ ಸಲ ಮೊದಲು ಪೈಪಿನ ಬಾಯಿಗೇ ಇಳಿದು, ಬರಿಗೈಯಲ್ಲಿ ಆ ಕಪ್ಪನ್ನು ಕೆದಕಿ ಬರುತ್ತಿದ್ದ.

"ಯಾಕಪ್ಪಾ ಸುಮ್ನೆ ಇಳೀತೀಯ?"

"ಏನಾದ್ರೂ ಬದುಕಿದ್ಯಾ ಅಂತ ನೋಡೋಕೆ."

"ಇದ್ಯಾ?"

"ಚಿಪ್ಪೆಲ್ಲ ಬಾಯಿ ತೆರ್ಕೊಂಡು ಬಿದ್ದಿವೆ. ಮೇಲೆ ಹಾಲಿನ ಕೆನೆ ಥರ ಬಿಳೀ ಪೊರೆ. ಹುಳ ಬಿಟ್ರೆ ಯಾರೂ ಇಲ್ಲ ಮಗಳೇ."

ಆ ಪೊರೆ ವರ್ಷ ವರ್ಷಕ್ಕೂ ಆಚೆಗೆ ಹಬ್ಬುತ್ತಿತ್ತು. ಹೋದ ವಾರ ಹಾಗೆಯೇ ಇಳಿದವನು ನಡುಗುತ್ತಾ ಮೇಲೆ ಬಂದ. ಕೊಲ್ಲಿಗೆ ಹೋಗಲಾಗಲಿಲ್ಲ. ಮೂರು ದಿನದ ಜ್ವರ, ಅಷ್ಟೇ.

*

ಪೆಟ್ಟಿಗೆ ಇಳಿಸಿದ ಮೇಲೆ, ಸಮುದ್ರದಲ್ಲಿ ಮುಳುಗಿ ಚಿಪ್ಪು ಹೆಕ್ಕಿ ಮಾರುವವರು ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿದರು. ಅವರಲ್ಲಿ ಎಲ್ಲರಿಗಿಂತ ಹಿರಿಯಳು ಚಿಪ್ಪಜ್ಜಿ. ಮುಳುಗಿ ಮುಳುಗಿ ಅವಳ ಕಿವಿ ಮಂದವಾಗಿತ್ತು. ಮಗಳ ಕೈ ಹಿಡಿದುಕೊಂಡಳು.

"ದೇವರಂಥ ಮನುಷ್ಯ ಕಣೇ. ಅವನ ಪುಣ್ಯದಿಂದ ಇಷ್ಟು ವರ್ಷ ನಮ್ಮ ಹೊಟ್ಟೆ ತುಂಬ್ತು."

ಮಗಳಿಗೆ ತಡೆಯಲಾಗಲಿಲ್ಲ. ಇವರಿಗೆ ನಿಜ ಗೊತ್ತಾಗಲಿ, ತನಗೆ ನಾಲ್ಕು ಬಾರಿಸಿದರೂ ಬಾರಿಸಲಿ. ಊರಿಗೆ ಸಿಟ್ಟು ಬಂದರೆ ಪೈಪಾದರೂ ನಿಂತೀತು.

"ಅಜ್ಜೀ, ಅಪ್ಪ ಬಾಟಲೀಲಿ ಕೊಡ್ತಿದ್ದ ಮರಳು ಪೈಪಿನ ಹತ್ರದ್ದಲ್ಲ."

"ಏನಂದೆ?"

"ಅಪ್ಪ ಸುಳ್ಳು ಹೇಳ್ತಿದ್ದ! ತಳ ಸತ್ತೋಗಿದೆ! ನಾನೇ ದೋಣಿ ನಡೆಸ್ತಿದ್ದೆ!"

ಇಡೀ ಸ್ಮಶಾನಕ್ಕೆ ಕೇಳಿಸಿತು. ಯಾರೂ ತಲೆ ಎತ್ತಲಿಲ್ಲ.

"ಮೆಲ್ಲಗೆ ಮಾತಾಡು," ಎಂದಳು ಅಜ್ಜಿ. "ದಿನಾ ಮುಳುಗೋರಿಗೆ ತಳ ಗೊತ್ತಿರಲ್ವಾ? ಅವನು ನಿಜ ಹೇಳ್ತೀನಿ ಅಂತ ಹೊರಟಾಗ ನಾವೇ ಹೋಗಿ ಕಾಲು ಹಿಡ್ಕೊಂಡಿದ್ವಿ. ಕೆಸರು ಕೆಟ್ಟಿದೆ ಅಂತ ಬರೆದ್ರೆ ನಮ್ಮ ಚಿಪ್ಪು ಯಾರು ಮುಟ್ತಾರೆ? ಈಗ ಅರ್ಧ ಬುಟ್ಟಿ ಸಿಗುತ್ತೆ. ಅದೂ ಬೇಡ್ವಾ?"

ಮಗಳಿಗೆ ಅಪ್ಪ ಸತ್ತ ದಿನಕ್ಕಿಂತ ಹೆಚ್ಚು ಅಳು ಬಂತು. ಅವನು ಒಬ್ಬನೇ ಇಳಿಯುತ್ತಿದ್ದದ್ದು ನೀರಿಗೆ ಮಾತ್ರವಲ್ಲ, ಊರಿನ ಸುಳ್ಳಿಗೂ ಎಂದು ಅವಳಿಗೆ ಈಗ ತಿಳಿಯಿತು.

ಇಂಜಿನಿಯರ್ ಗೇಟಿನ ಹತ್ತಿರ ಕಾಯುತ್ತಿದ್ದರು. ಮುಖ ಸಪ್ಪೆ ಮಾಡಿಕೊಂಡು, ಕೋಟಿನ ಜೇಬಿನಿಂದ ಖಾಲಿ ಬಾಟಲಿ ತೆಗೆದರು.

"ಈ ಸಲದ್ದು ಬಾಕಿ ಉಳೀತಮ್ಮಾ. ಸೋಮವಾರ ಕೊಟ್ರೆ ಸಾಕು."

ಚೀಟಿ ಆಗಲೇ ಅಂಟಿಸಿಯಾಗಿತ್ತು. ಸ್ಥಳ: ಪೈಪಿನ ಬಾಯಿ. ವಾಸನೆ: ಇಲ್ಲ. ಕೆಳಗೆ, ತಂದವರ ಜಾಗದಲ್ಲಿ, ಅಚ್ಚುಕಟ್ಟಾಗಿ ಮಗಳ ಹೆಸರು.

ಅವಳು ಕೈ ಚಾಚಲಿಲ್ಲ. ಚಿಪ್ಪಜ್ಜಿಯೇ ಮುಂದೆ ಬಂದು ಬಾಟಲಿಯನ್ನು ಇಸಕೊಂಡಳು. ಅದನ್ನು ಮಗಳ ಅಂಗೈಯಲ್ಲಿಟ್ಟು, ಒಂದೊಂದೇ ಬೆರಳನ್ನು ಮಡಿಸಿ ಮುಚ್ಚಿದಳು.