ಅಡ್ಜಸ್ಟ್ ಮಾಡಿಕೊಳ್ಳುವವರು

ನರಸಮ್ಮನ ಹೆಸರಿನ ಮುಂದೆ ‘ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ’ ಎಂದು ಬರೆದವನು ನಾನೇ. ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ಬರೆಯುವಾಗ ನನಗೆ ಕೆಟ್ಟ ಬುದ್ಧಿಯೇನೂ ಇರಲಿಲ್ಲ, ತಲೆನೋವಿತ್ತು ಅಷ್ಟೆ.

ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ನಮ್ಮ ಡಯಾಲಿಸಿಸ್ ಸೆಂಟರು. ಬಾಗಿಲ ಬಳಿಯ ಮೇಜು ನನ್ನದು. ನಾಲ್ಕು ಮಿಷಿನ್ನು, ಮೂವತ್ತೈದು ರೋಗಿಗಳು. ಮೊದಲು ಸರದಿಯೆಲ್ಲ ನನ್ನ ನೋಟ್‌ಬುಕ್ಕಿನಲ್ಲಿತ್ತು. ದಿನ ಬದಲಾದರೆ ಬಂದವರೆಲ್ಲ ನನ್ನ ಮೇಲೆ ಹರಿಹಾಯುತ್ತಿದ್ದರು. ಹೋದ ವರ್ಷ ಡಾಕ್ಟರು ಕಂಪ್ಯೂಟರಿಗೆ ಎಐ ಏಜೆಂಟು ಹಾಕಿಸಿದರು. ಕ್ಯಾಲೆಂಡರಿನಲ್ಲಿ ಯಾರ ಸರದಿಯನ್ನು ಎಲ್ಲಿಗೆ ಸರಿಸಬೇಕೋ ಅದೇ ಸರಿಸುತ್ತದೆ, ಅದೇ ವಾಟ್ಸಾಪ್ ಕಳಿಸಿ ಒಪ್ಪಿಗೆ ಕೇಳುತ್ತದೆ. ಎರಡು ಗಂಟೆಯೊಳಗೆ ಉತ್ತರ ಬರದಿದ್ದರೆ ಒಪ್ಪಿದ ಹಾಗೆ. ಈ ನಿಯಮ ಡಾಕ್ಟರದು. ನನಗಂತೂ ಬಹಳ ಹಿಡಿಸಿತ್ತು.

ನರಸಮ್ಮನಿಗೆ ಫೋನಿರಲಿಲ್ಲ. ನಂದಿದುರ್ಗದ ಹಳೇ ಚಿನ್ನದ ಗಣಿಯ ಲೈನ್ ಮನೆಗಳವರು ಸಾಲಿಗೊಂದು ನಂಬರು ಇಟ್ಟುಕೊಂಡಿರುತ್ತಾರೆ. ಗ್ಯಾಸಿಗೂ ಅದೇ, ರೇಷನ್ನಿಗೂ ಅದೇ, ಆಸ್ಪತ್ರೆಗೂ ಅದೇ. ಇವರ ಸಾಲಿಗೆ ಪಕ್ಕದ ಮನೆ ಸೆಲ್ವಿಯ ನಂಬರು. ಸೆಲ್ವಿ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಅಲ್ಲಿ ಗೇಟಿನಲ್ಲೇ ಫೋನು ಇಸಿದುಕೊಂಡು ಲಾಕರಿಗೆ ಹಾಕುತ್ತಾರೆ, ಕೊಡುವುದು ಸಂಜೆಗೆ. ಹೀಗಾಗಿ ಹಗಲಲ್ಲಿ ಏಜೆಂಟು ಏನೇ ಕೇಳಿದರೂ ನರಸಮ್ಮ ಒಪ್ಪಿದಂತೆಯೇ ಲೆಕ್ಕ.

ಒಂದು ದಿನ ಏಜೆಂಟು ‘ಇವರಲ್ಲಿ ಯಾರನ್ನು ಸರಿಸಲಿ?’ ಎಂದು ನಾಲ್ಕು ಹೆಸರು ಮುಂದಿಟ್ಟಿತು. ಮೂವರು ಮನೆಮಂದಿಯನ್ನೆಲ್ಲ ಕರೆತಂದು ಜಗಳ ಕಾಯುವವರು. ನರಸಮ್ಮ ಮಾತ್ರ “ಆಗ್ಲಿ ಬಿಡಪ್ಪ, ನಾಳೆ ಬತ್ತೀನಿ” ಅನ್ನುವ ಹೆಂಗಸು. ಆವತ್ತೇ ಅವಳ ಹೆಸರಿನ ಮುಂದೆ ಆ ಮಾತು ಬರೆದದ್ದು. ಏಜೆಂಟು ಮತ್ತೆ ನನ್ನನ್ನು ಕೇಳಲೇ ಇಲ್ಲ. ನಾಲ್ಕು ತಿಂಗಳಲ್ಲಿ ಹನ್ನೊಂದು ಸಲ ಅವಳನ್ನೇ ಸರಿಸಿತು. ನನಗೆ ಗೊತ್ತಿತ್ತು. ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದೆ.

ಅವಳ ಸರದಿ ವಾರಕ್ಕೆರಡು, ಮಂಗಳವಾರ ಮತ್ತು ಶುಕ್ರವಾರ. ಆ ವಾರ ಮಂಗಳವಾರದ್ದು ಗುರುವಾರಕ್ಕೆ ಹೋಯಿತು. ಅಲ್ಲಿಂದ ಶನಿವಾರಕ್ಕೆ. ಶುಕ್ರವಾರ ಹತ್ತೂವರೆಗೆ ಅವಳು ಕೂರಬೇಕಿದ್ದ ಚೇರು ಬಚ್ಚಪ್ಪನವರ ಪಾಲಾಯಿತು. ಅವರು ಊರಿನ ಹಾಲಿನ ಡೈರಿ ಅಧ್ಯಕ್ಷರು, ಡಾಕ್ಟರಿಗೆ ಬೇಕಾದವರು.

ಶುಕ್ರವಾರ ನರಸಮ್ಮ ಬಂದೇಬಿಟ್ಟಳು. ರಕ್ತ ಶುದ್ಧಿಯಾಗಿ ಏಳು ದಿನವಾಗಿತ್ತು. ಪಾದ ಊದಿ ಚಪ್ಪಲಿ ಹಿಡಿಸದೆ, ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು.

“ನಾಳೆ ಅಂತ ಮೆಸೇಜ್ ಬಂದಿತ್ತಲ್ಲಮ್ಮ?”

“ಸೆಲ್ವಿ ಏಳಿದ್ಲು ಕಣಪ್ಪ. ರಾತ್ರಿಯೆಲ್ಲ ಗೋಡೆಗೊರಗೇ ಕುಂತಿದ್ದೀನಿ. ಮನಿಕ್ಕಂಡ್ರೆ ಉಸ್ರು ಕಟ್ಕಂತದೆ. ನಾಳೆಗಂಟ ತಡೆಯಕ್ಕಾಗಲ್ಲ ಅಂಬ್ರೀಶಪ್ಪ.”

ಹತ್ತೂವರೆ ಆಯಿತು. ಬಚ್ಚಪ್ಪನವರ ಚೇರು ಖಾಲಿ. ಫೋನ್ ಮಾಡಿದೆ.

“ಸುಕ್ರವಾರ ರಾಹುಕಾಲ್ದಾಗೆ ಸೂಜಿ ಚುಚ್ಚಿಸ್ಕಳಕ್ಕೆ ನನಗೇನು ತಲೆ ಕೆಟ್ಟೈತೇನ್ಲಾ? ಅನ್ನೆರಡು ಆಗ್ಲಿ, ಬತ್ತೀನಿ. ಚೇರು ಯಾರ್ಗೂ ಕೊಡ್ಬ್ಯಾಡ.”

ಫೋನಿಟ್ಟೆ. ಪಕ್ಕದ ಮೂರನೇ ಚೇರಿನ ಸರದಿ ಪೆರುಮಾಳನದು. ನರಸಮ್ಮನ ಸಾಲಿನವನೇ, ಗಣಿ ಮುಚ್ಚುವವರೆಗೂ ಕೆಳಗಿಳಿದವನು. ಅವನಿಗೆ ಇನ್ನೂ ಸೂಜಿ ಹಾಕಿರಲಿಲ್ಲ, ಮಾತು ಕೇಳಿಸಿಕೊಂಡು ಚೇರಿನಿಂದ ಎದ್ದು ಬಂದ.

“ಸಾರ್, ನನ್ ಚೇರು ಅಕ್ಕಂಗೆ ಕೊಟ್ಬಿಡಿ. ನಾನು ನಾಳೆ ಬತ್ತೀನಿ. ನಂಗೇನೂ ಆಗಲ್ಲ.”

ಏಜೆಂಟಿಗೆ ಹೇಳಿದೆ. ತಕ್ಷಣ ಉತ್ತರ ಬಂತು: ‘ಅದಲುಬದಲಿಗೆ ಇಬ್ಬರ ಒಪ್ಪಿಗೆ ಬೇಕು. ಪೆರುಮಾಳ್ ಅವರ ಒಪ್ಪಿಗೆ ನೀವು ದಾಖಲಿಸಿದ್ದೀರಿ. ನರಸಮ್ಮ ಅವರಿಗೆ ಸಂದೇಶ ಕಳಿಸಲಾಗಿದೆ. ದಯವಿಟ್ಟು ಕಾಯಿರಿ.’ ಸಂದೇಶ ಹೋದದ್ದು ಬೆಂಗಳೂರಿನ ಲಾಕರಿಗೆ. ನರಸಮ್ಮ ನನ್ನ ಎದುರಿನ ಬೆಂಚಿನ ಮೇಲೆ ಕೂತಿದ್ದಳು, ಎರಡು ಮಾರು ದೂರದಲ್ಲಿ.

ಟೆಕ್ನೀಷಿಯನ್ ಪುಷ್ಪಳನ್ನು ಕೇಳಿದೆ. “ಕಂಪ್ಯೂಟರಿಂದ ಸ್ಲಿಪ್ ಬರೋವರ್ಗೂ ನಾನು ಮಿಷಿನ್ ಹಚ್ಚಲ್ಲ ಅಂಬರೀಶ್. ಹೆಚ್ಚುಕಮ್ಮಿ ಆದ್ರೆ ನನ್ ಕೆಲ್ಸ ಹೋಗುತ್ತೆ” ಅಂದಳು.

ಸ್ಲಿಪ್ ಬರಿಸುವ ದಾರಿ ಇತ್ತು. ಪರದೆಯ ಮೂಲೆಯಲ್ಲಿ ‘ನನ್ನ ಜವಾಬ್ದಾರಿಯಲ್ಲಿ ಬದಲಿಸು’ ಎಂಬ ಗುಂಡಿ. ಒತ್ತಿದರೆ ನನ್ನ ಹೆಸರಿನ ಸಮೇತ ಡಾಕ್ಟರಿಗೆ ವರದಿ ಹೋಗುತ್ತದೆ. ಹಿಂದಿನ ತಿಂಗಳು ಒಮ್ಮೆ ಒತ್ತಿದ್ದೆ. “ಎಲ್ಲ ನೀನೇ ಮಾಡೋ ಹಾಗಿದ್ರೆ ಅದನ್ನ ಯಾಕೆ ತರಿಸ್ಬೇಕಿತ್ತು? ಇಲ್ಲ ಅದು ಇರ್ಬೇಕು, ಇಲ್ಲ ನೀನು” ಎಂದು ಎಲ್ಲರೆದುರು ಕೇಳಿದ್ದರು. ಆ ಮಾತು ನೆನಪಾಗಿ ಕೈ ಹಿಂದೆ ಬಂತು. ಎರಡು ಗಂಟೆ ತಾನೆ, ಕಾಯಲಿ ಅಂದುಕೊಂಡೆ.

ಪೆರುಮಾಳ ಮತ್ತೆ ಚೇರಿಗೆ ಹೋಗಲಿಲ್ಲ. ಕೊಟ್ಟ ಮೇಲೆ ಕೂರುವುದಿಲ್ಲವೆಂದು ಹಟ ಹಿಡಿದು ಅವಳ ಬೆನ್ನು ನೀವುತ್ತ ಬೆಂಚಿನಲ್ಲೇ ಕೂತ. ಎರಡು ಚೇರು, ಎರಡು ಮಿಷಿನ್ನು ಸುಮ್ಮನೆ ನಿಂತಿದ್ದವು. ಹನ್ನೊಂದೂವರೆಗೆ ನರಸಮ್ಮ ನೀರು ಕೇಳಿದಳು. ಪುಷ್ಪ ಕೊಡಬಾರದೆಂದಳು. “ಆಗ್ಲಿ ಬಿಡವ್ವ” ಅಂದಳು ನರಸಮ್ಮ.

ಹನ್ನೆರಡು ದಾಟಿದ ಮೇಲೆ ಬಚ್ಚಪ್ಪನವರು ಬಂದರು. ಒಳಗೆ ಹೋಗುವಾಗ ಬೆಂಚಿನ ಕಡೆ ನೋಡಿ “ಏನಮ್ಮ, ಚೆನ್ನಾಗಿದ್ದೀಯಾ?” ಎಂದು ಕೇಳಿದರು. ಅವರ ಕೈಗೆ ಸೂಜಿ ಹಾಕುವಷ್ಟರಲ್ಲಿ ನರಸಮ್ಮ ಪೆರುಮಾಳನ ತೊಡೆಯ ಮೇಲೆ ವಾಲಿದಳು. ಆಂಬುಲೆನ್ಸಿಗೆ ಫೋನ್ ಮಾಡಿದವನು ಪೆರುಮಾಳ. ನಾನು ಕಂಪ್ಯೂಟರ್ ನೋಡುತ್ತಿದ್ದೆ. ಆಂಬುಲೆನ್ಸಿನವನು ನಾಡಿ ಹಿಡಿದು ನೋಡಿ ತಲೆ ಅಡ್ಡಡ್ಡ ಆಡಿಸಿದ.

ಹನ್ನೆರಡು ಮೂವತ್ತೈದಕ್ಕೆ ನನ್ನ ಮೇಜಿನ ಪ್ರಿಂಟರು ಕಿರುಗುಟ್ಟಿ ಸ್ಲಿಪ್ ಹೊರಗೆ ಹಾಕಿತು. ‘ನರಸಮ್ಮ ಅವರು ಒಪ್ಪಿದ್ದಾರೆ. ಚೇರ್ ಸಂಖ್ಯೆ ಮೂರು.’

ಸಂಜೆ ಸೆಲ್ವಿಯ ಫೋನು ಬಂತು. ರೈಲಿನ ಗಲಾಟೆಯ ನಡುವೆ ಜೋರಾಗಿ ಕೂಗಿ ಹೇಳುತ್ತಿದ್ದಳು. “ಅಣ್ಣಾ, ಈಗ್ತಾನೆ ಮೆಸೇಜ್ ನೋಡ್ದೆ. ಅಕ್ಕಂಗೆ ಚೇರು ಸಿಕ್ತಂತಲ್ಲ! ರೊಂಬ ಥ್ಯಾಂಕ್ಸಣ್ಣ. ನೀವು ಇದ್ದಿದ್ಕೆ ಆಯ್ತು.”

ನಾನು “ಹೂಂ” ಅಂದು ಫೋನಿಟ್ಟೆ. ಅವಳಿಗೆ ಮನೆ ತಲುಪಿದ ಮೇಲೆ ಯಾರಾದರೂ ಹೇಳುತ್ತಾರೆ.

ಸೋಮವಾರ ಬೆಳಿಗ್ಗೆ ಬಚ್ಚಪ್ಪನವರು ತಮಗೆ ಇನ್ನೊಂದು ದಿನ ಬೇಕೆಂದರು. ಏಜೆಂಟು ಬಹಳ ದಿನಗಳ ಮೇಲೆ ನನ್ನನ್ನು ಕೇಳಿತು: ‘ಅಡ್ಜಸ್ಟ್ ಮಾಡಿಕೊಳ್ಳುವವರು ಈಗ ಯಾರೂ ಇಲ್ಲ. ಯಾರನ್ನು ಸರಿಸಲಿ?’

ಮೂವತ್ತನಾಲ್ಕು ಹೆಸರುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದೆ. ಕೂಗಾಡದವನು, ತಾನಾಗಿ ಎದ್ದು ಚೇರು ಬಿಟ್ಟುಕೊಟ್ಟವನು, ಫೋನಿನ ಜಾಗದಲ್ಲಿ ಸೆಲ್ವಿಯ ನಂಬರನ್ನೇ ಬರೆಸಿದ್ದವನು ಒಬ್ಬನೇ ಇದ್ದ. ಪೆರುಮಾಳನ ಹೆಸರಿನ ಮುಂದೆ ಬರೆದೆ. ಈ ಸಲ ತಲೆನೋವೂ ಇರಲಿಲ್ಲ.